ವಾಹನದ ಎತ್ತರಿಕೆ: ಹೆದ್ದಾರಿಯ ಸ್ಥೈರ್ಯ ಮತ್ತು ಕಾಡುದಾರಿಯ ಸಾಮರ್ಥ್ಯ

ಸಂಸ್ಕೃತದ ‘ಅಕ್ಷ’ ಶಬ್ದವು ಕನ್ನಡದಲ್ಲಿ ‘ಅಚ್ಚು’ ಎಂದಾಗಿದೆ. ಎರಡು ಗಾಲಿಗಳನ್ನು ಒಂದುಗೂಡಿಸಿ ಬಂಡಿಯ ಭಾರವನ್ನೆಲ್ಲ ಹೊತ್ತು ನಿಲ್ಲುವ ದೂಲವೇ ಅಚ್ಚು. ನಮ್ಮ ನಾಡಿನ ಎತ್ತಿನ ಬಂಡಿಯ ಗಾಲಿಗಳು ಆಳಿನ ಎದೆಯ ಮಟ್ಟಕ್ಕೆ ಬರುವಷ್ಟು ದೊಡ್ಡವಾಗಿದ್ದುದು ಕೇವಲ ರೂಢಿಯಿಂದಲ್ಲ. ಗಾಲಿ ದೊಡ್ಡದಾದಷ್ಟೂ ಅಚ್ಚು ಮೇಲಕ್ಕೇರುತ್ತದೆ. ಅಚ್ಚು ಮೇಲಿದ್ದಷ್ಟೂ ಎರೆಹೊಲದ ಕೆಸರು, ಹಳ್ಳದ ಕಲ್ಲು, ದಾರಿಯ ಕೊರಕಲು ಅದಕ್ಕೆ ತಾಗದೆ ಉಳಿಯುತ್ತವೆ. ಆದರೆ ಅದೇ ಬಂಡಿಯ ಮೇಲೆ ಹುಲ್ಲನ್ನು ಮುಗಿಲೆತ್ತರಕ್ಕೆ ಹೇರಿ ಓರೆಯಾದ ದಾರಿಯಲ್ಲಿ ಹೊಡೆಯುವಾಗ ಒಕ್ಕಲಿಗನು ಎಷ್ಟು ಎಚ್ಚರ ವಹಿಸುತ್ತಾನೆಂಬುದನ್ನು ಬಲ್ಲವರು ಬಲ್ಲರು. ಅಚ್ಚನ್ನು ಎತ್ತರಿಸುವುದು ಒಂದು ಮಾತು, ಭಾರವನ್ನು ಎತ್ತರಿಸುವುದು ಇನ್ನೊಂದು ಮಾತು. ಈ ಎರಡನ್ನೂ ಒಂದೆಂದು ಭಾವಿಸುವುದರಿಂದಲೇ ಇಂದು ಮೋಟಾರು ವಾಹನಗಳ ವಿಷಯದಲ್ಲಿ ಹಲವು ಅನರ್ಥಗಳು ಸಂಭವಿಸುತ್ತಿವೆ.

ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ದೊರೆಯುವ ಜೀಪು, ಜಿಪ್ಸಿ, ಥಾರ್, ಜಿಮ್ನಿ ಮೊದಲಾದ ವಾಹನಗಳು ಮಲೆನಾಡಿನ ತೋಟಗಳಲ್ಲಿಯೂ ಕೊಡಗಿನ ಗುಡ್ಡಗಳಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿವೆ. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಯಾತ್ರಿಕರನ್ನು ಏರಿಸುವ ಜೀಪುಗಳನ್ನು ನೋಡದವರು ಕಡಮೆ. ಇತ್ತೀಚಿನ ವರ್ಷಗಳಲ್ಲಿ ಇಂಥ ವಾಹನವನ್ನು ಕೊಂಡವರು ಅದನ್ನು ಕಾರ್ಖಾನೆಯಿಂದ ಬಂದ ಎತ್ತರದಲ್ಲಿಯೇ ಬಿಡದೆ, ಸ್ಪ್ರಿಂಗುಗಳನ್ನು ಬದಲಿಸಿ, ದೊಡ್ಡ ಟೈರುಗಳನ್ನು ತೊಡಿಸಿ, ಎರಡಂಗುಲವೋ ನಾಲ್ಕಂಗುಲವೋ ಮೇಲಕ್ಕೆತ್ತುವ ಪದ್ಧತಿ ಹಬ್ಬಿದೆ. ಅದನ್ನು ‘ಲಿಫ್ಟ್’ ಎನ್ನುತ್ತಾರೆ. ಇಲ್ಲಿ ಎತ್ತರಿಕೆ ಎಂದು ಕರೆದರೆ ಸಾಕು. ಹೀಗೆ ಎತ್ತರಿಸಿದ ವಾಹನವು ತಿಂಗಳಿಗೊಮ್ಮೆ ಕಾಡುದಾರಿಯನ್ನು ಕಂಡರೆ ಉಳಿದ ದಿನಗಳಲ್ಲೆಲ್ಲ ಹೆದ್ದಾರಿಯಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡುತ್ತದೆ. ಆದುದರಿಂದ ಎತ್ತರಿಕೆಯು ಏನನ್ನು ಕೊಡುತ್ತದೆ, ಏನನ್ನು ಕಿತ್ತುಕೊಳ್ಳುತ್ತದೆ ಎಂಬ ವಿಚಾರವು ಕೇವಲ ಹವ್ಯಾಸಿಗಳ ಹರಟೆಯಲ್ಲ.

ಮೊದಲು ಕೊಡುವುದನ್ನು ನೋಡೋಣ. ವಾಹನದ ಅಡಿಭಾಗದ ಅತ್ಯಂತ ತಗ್ಗಿನ ಬಿಂದುವಿಗೂ ನೆಲಕ್ಕೂ ಇರುವ ಅಂತರಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಎಂದು ಹೆಸರು. ಕನ್ನಡದಲ್ಲಿ ನೆಲತೆರಪು ಎನ್ನಬಹುದು. 2020ರಲ್ಲಿ ಬಂದ ಎರಡನೆಯ ಪೀಳಿಗೆಯ ಥಾರ್‌ನಲ್ಲಿ ಇದು 226 ಮಿಲಿಮೀಟರ್, ಜಿಮ್ನಿಯಲ್ಲಿ 210. ಇದಲ್ಲದೆ ಮೂರು ಕೋನಗಳನ್ನು ಗಮನಿಸಬೇಕು. ಎದುರಿನ ದಿಣ್ಣೆಯನ್ನು ಮೂತಿ ತಾಗದಂತೆ ಏರಬಲ್ಲ ಕೋನ ಒಂದು, ಇಳಿಯುವಾಗ ಹಿಂಬದಿ ತಾಗದಂತೆ ಬಿಡಿಸಿಕೊಳ್ಳುವ ಕೋನ ಇನ್ನೊಂದು, ದಿಬ್ಬದ ನೆತ್ತಿಯನ್ನು ದಾಟುವಾಗ ಹೊಟ್ಟೆ ತಾಗದಂತೆ ಉಳಿಯುವ ಕೋನ ಮತ್ತೊಂದು. ಮೂರನೆಯದು ನೆಲತೆರಪನ್ನು ಮಾತ್ರವಲ್ಲದೆ ಮುಂದಿನ ಹಾಗೂ ಹಿಂದಿನ ಅಚ್ಚುಗಳ ನಡುವಣ ಅಂತರವನ್ನೂ ಅವಲಂಬಿಸಿದೆ. ಜಿಮ್ನಿಯೇ ಇದಕ್ಕೆ ಒಳ್ಳೆಯ ನಿದರ್ಶನ. 2018ರಲ್ಲಿ ಜಪಾನಿನಲ್ಲಿ ಬಂದ ಮೂರು ಬಾಗಿಲಿನ ಜಿಮ್ನಿಯ ಅಚ್ಚುಗಳ ಅಂತರ 2250 ಮಿ.ಮೀ.; 2023ರಲ್ಲಿ ಭಾರತದಲ್ಲಿ ಬಂದ ಐದು ಬಾಗಿಲಿನದರಲ್ಲಿ 2590 ಮಿ.ಮೀ. ನೆಲತೆರಪು ಎರಡರಲ್ಲಿಯೂ 210 ಮಿ.ಮೀ. ಆಗಿದ್ದರೂ ಹೊಟ್ಟೆಯ ಕೋನವು 28 ಡಿಗ್ರಿಯಿಂದ 24ಕ್ಕೆ ಇಳಿದಿದೆ. ಉದ್ದವಾದ ದೋಣಿ ದಿಬ್ಬದ ಮೇಲೆ ಬೇಗ ಕುಳಿತಂತೆ ಇದು. ಸ್ಪ್ರಿಂಗನ್ನು ಎತ್ತರಿಸಿದರೆ ಈ ಮೂರು ಕೋನಗಳೂ ಹಿಗ್ಗುತ್ತವೆ. ಅದು ನಿಜವಾದ ಲಾಭ, ಅಲ್ಲಗಳೆಯುವಂತಿಲ್ಲ.

ಆದರೆ ಒಂದು ಸೂಕ್ಷ್ಮವಿದೆ. ಜಿಪ್ಸಿ, ಜಿಮ್ನಿಗಳಂತೆ ಮುಂದೆಯೂ ಹಿಂದೆಯೂ ಇಡಿಯಾದ ಗಟ್ಟಿ ಅಚ್ಚುಗಳಿರುವ ವಾಹನಗಳಲ್ಲಿ ಅತ್ಯಂತ ತಗ್ಗಿನ ಬಿಂದುವಾಗಿರುವುದು ಷಾಸಿಯಲ್ಲ, ಅಚ್ಚಿನ ನಡುವೆ ಗಡ್ಡೆಯಂತೆ ಉಬ್ಬಿರುವ ಡಿಫರೆನ್ಷಿಯಲ್ ಪೆಟ್ಟಿಗೆ. ಅದು ಅಚ್ಚಿಗೆ ಅಂಟಿಕೊಂಡಿದೆ. ಅಚ್ಚು ಚಕ್ರಗಳಿಗೆ ಅಂಟಿಕೊಂಡಿದೆ. ಸ್ಪ್ರಿಂಗು ಇರುವುದು ಅಚ್ಚಿನ ಮೇಲೆ. ಹೀಗಿರುವಾಗ ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಡಿಫರೆನ್ಷಿಯಲ್ ಕೂದಲೆಳೆಯಷ್ಟೂ ಮೇಲಕ್ಕೆ ಬರುವುದಿಲ್ಲ. ನಾಲ್ಕಂಗುಲ ಎತ್ತರಿಸಿದ ವಾಹನವೂ ಮೊದಲು ಸಿಕ್ಕಿಕೊಳ್ಳುತ್ತಿದ್ದ ಅದೇ ಕಲ್ಲಿಗೆ ಮತ್ತೆ ಸಿಕ್ಕಿಕೊಳ್ಳಬಹುದು! ಗಟ್ಟಿ ಅಚ್ಚನ್ನು ಎತ್ತಬೇಕಾದರೆ ಬಂಡಿಯವನು ಬಲ್ಲ ಉಪಾಯವೊಂದೇ, ಗಾಲಿಯನ್ನು ದೊಡ್ಡದು ಮಾಡುವುದು. ಅದರಿಂದಲೂ ಸಿಗುವುದು ವ್ಯಾಸದ ಹೆಚ್ಚಳದಲ್ಲಿ ಅರ್ಧ ಮಾತ್ರ. ಜಿಮ್ನಿಯ 195/80 ಆರ್ 15 ಅಳತೆಯ ಟೈರಿನ ವ್ಯಾಸವು ಲೆಕ್ಕದಂತೆ 693 ಮಿ.ಮೀ. ಅದರ ಸ್ಥಾನದಲ್ಲಿ ಹಲವರು ಹಾಕಿಸುವ 235/75 ಆರ್ 15ರ ವ್ಯಾಸ ಸುಮಾರು 733. ಅಚ್ಚು ಏರುವುದು 20 ಮಿ.ಮೀ., ಎಂದರೆ ಮುಕ್ಕಾಲಂಗುಲದಷ್ಟು. ಸ್ಪ್ರಿಂಗಿನ ಎತ್ತರಿಕೆಯ ಮುಖ್ಯ ಪ್ರಯೋಜನವು ಈ ದೊಡ್ಡ ಟೈರು ಮಡ್‌ಗಾರ್ಡಿಗೆ ತಿಕ್ಕದಂತೆ ಜಾಗ ಮಾಡಿಕೊಡುವುದು ಮತ್ತು ಕೋನಗಳನ್ನು ಹಿಗ್ಗಿಸುವುದು, ಅಷ್ಟೇ. ಇಷ್ಟನ್ನು ಅರಿತರೆ ಅರ್ಧದಷ್ಟು ಅತಿರೇಕ ತಾನಾಗಿ ಕಡಮೆಯಾದೀತು.

ಇನ್ನು ಕಿತ್ತುಕೊಳ್ಳುವುದು. ವಾಹನವು ಮಗುಚದೆ ನಿಲ್ಲುವ ಶಕ್ತಿಯನ್ನು ಅಳೆಯಲು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯು ಒಂದು ಸರಳವಾದ ಸಂಖ್ಯೆಯನ್ನು ಬಳಸುತ್ತದೆ. ಎಡಬಲ ಚಕ್ರಗಳ ನಡುವಣ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿದರೆ ಆ ಸಂಖ್ಯೆ ಬರುತ್ತದೆ. ಇದನ್ನು ಸ್ಥಿರತಾಂಕ ಎನ್ನೋಣ. ಸಾಮಾನ್ಯ ಕಾರುಗಳಲ್ಲಿ ಇದು 1.3ರಿಂದ 1.5ರವರೆಗೆ ಇರುತ್ತದೆ, ಎತ್ತರವಾದ ಜೀಪು ಜಾತಿಯ ವಾಹನಗಳಲ್ಲಿ 1ರಿಂದ 1.3ರವರೆಗೆ. ಶಾಲೆಯ ವಿಜ್ಞಾನ ಶಿಕ್ಷಕರು ಒಂದು ಹಲಗೆ, ಒಂದು ಮಟ್ಟಸವಾದ ಪೆಟ್ಟಿಗೆ, ಒಂದು ಉದ್ದನೆಯ ಪೆಟ್ಟಿಗೆ ಇಷ್ಟರಿಂದ ಮಕ್ಕಳಿಗೆ ಇದನ್ನು ತೋರಿಸಬಹುದು: ಹಲಗೆಯನ್ನು ಓರೆ ಮಾಡುತ್ತ ಹೋದಂತೆ ಒಂದು ಪೆಟ್ಟಿಗೆ ಜಾರುತ್ತದೆ, ಇನ್ನೊಂದು ಬೀಳುತ್ತದೆ. ಜಾರುವುದಕ್ಕೂ ಬೀಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿನ ಸಾರ.

ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಚಕ್ರಗಳ ಅಡ್ಡ ಅಂತರ 140 ಸೆಂ.ಮೀ., ಗುರುತ್ವಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಎಂದು ಇಟ್ಟುಕೊಂಡರೆ ಸ್ಥಿರತಾಂಕ 1.08. ಸ್ಪ್ರಿಂಗುಗಳನ್ನು 10 ಸೆಂ.ಮೀ. ಎತ್ತರಿಸಿದರೆ ಅಚ್ಚು ಮತ್ತು ಚಕ್ರಗಳ ಭಾರ ಇದ್ದಲ್ಲೇ ಇರುವುದರಿಂದ ಗುರುತ್ವಕೇಂದ್ರ ಸುಮಾರು 8 ಸೆಂ.ಮೀ. ಏರಿ 73ಕ್ಕೆ ಬರುತ್ತದೆ. ಸ್ಥಿರತಾಂಕ 0.96ಕ್ಕೆ ಇಳಿಯುತ್ತದೆ. ಇದು ನೋಟಕ್ಕೆ ಅಲ್ಪವಾದ ಇಳಿತ. ಆದರೆ ಒಣಗಿದ ಡಾಂಬರು ರಸ್ತೆಯ ಮೇಲೆ ಟೈರಿನ ಹಿಡಿತವು ಹೆಚ್ಚೆಂದರೆ 0.8 ಅಥವಾ 0.9ರಷ್ಟಿರುತ್ತದೆ. ಹಿಡಿತಕ್ಕಿಂತ ಸ್ಥಿರತಾಂಕ ಹೆಚ್ಚಿದ್ದಷ್ಟು ಕಾಲ ತಿರುವಿನಲ್ಲಿ ಅತಿವೇಗದಿಂದ ಹೊರಳಿದ ವಾಹನವು ಪೆಟ್ಟಿಗೆಯಂತೆ ಜಾರುತ್ತದೆಯೇ ಹೊರತು ಮಗುಚುವುದಿಲ್ಲ. ಇವೆರಡರ ನಡುವಿನ ಅಂತರವೇ ಪ್ರಾಣರಕ್ಷೆಯ ಅಂಚು. ಮೇಲಾಗಿ ತಿರುವಿನಲ್ಲಿ ವಾಹನದ ಮೈ ಹೊರಕ್ಕೆ ವಾಲಿದಾಗ ಗುರುತ್ವಕೇಂದ್ರವೂ ಹೊರಕ್ಕೆ ಸರಿಯುವುದರಿಂದ ಕಾಗದದ ಮೇಲಿನ ಸ್ಥಿರತಾಂಕಕ್ಕಿಂತ ವಾಸ್ತವದ್ದು ಇನ್ನಷ್ಟು ಕಡಮೆ. 1.08ರಲ್ಲಿ ಈ ಕಳೆಯನ್ನು ಕಳೆದರೂ ಅಂಚು ಉಳಿಯುತ್ತದೆ, 0.96ರಲ್ಲಿ ಕಳೆದರೆ ಉಳಿಯುವುದು ಹೆಸರಿಗೆ ಮಾತ್ರ. ಅದರಲ್ಲಿಯೂ ಜಾರುತ್ತಿರುವ ಚಕ್ರವು ರಸ್ತೆಯಂಚಿನ ಕಲ್ಲಿಗೋ ಮೆತ್ತನೆಯ ಮಣ್ಣಿಗೋ ತಗುಲಿದರೆ ಹಿಡಿತದ ಲೆಕ್ಕವೇ ಬೇರೆಯಾಗಿ ವಾಹನ ಎಡವಿದಂತೆ ಉರುಳುತ್ತದೆ. ಮಗುಚುವ ಅಪಘಾತಗಳಲ್ಲಿ ಹೆಚ್ಚಿನವು ಹೀಗೆ ಎಡವಿ ಆಗುವಂಥವು. ಮಾಡಿನ ಮೇಲೆ ಕ್ಯಾರಿಯರ್ ಕಟ್ಟಿಸಿ, ಎರಡು ಟೈರು, ನೀರಿನ ಡಬ್ಬಿ, ಗುಡಾರ ಇಷ್ಟನ್ನೂ ಅದರ ಮೇಲೆ ಹೇರುವವರು ಹುಲ್ಲಿನ ಬಂಡಿಯನ್ನು ನೆನೆಸಿಕೊಳ್ಳಬೇಕು.

ಇನ್ನೊಂದು ಮಾತನ್ನು ಹಲವರು ಮರೆಯುತ್ತಾರೆ. ಎತ್ತರಿಕೆಯಿಂದ ನಷ್ಟವಾಗುವುದು ಹೆದ್ದಾರಿಯಲ್ಲಿ ಮಾತ್ರ, ಕಾಡಿನಲ್ಲಿ ಎಲ್ಲವೂ ಲಾಭವೇ ಎಂಬುದು ತಪ್ಪು ಗ್ರಹಿಕೆ. ಗುಡ್ಡದ ಪಕ್ಕೆಯ ಮೇಲೆ ಓರೆಯಾಗಿ ಸಾಗುವಾಗ ಮಗುಚುವ ಕೋನವನ್ನು ನಿರ್ಣಯಿಸುವುದೂ ಇದೇ ಸ್ಥಿರತಾಂಕ. ಮೇಲಿನ ಲೆಕ್ಕದ ವಾಹನವು ನಿಂತಲ್ಲಿ 47 ಡಿಗ್ರಿ ಓರೆಯನ್ನು ತಾಳಬಲ್ಲದಾಗಿದ್ದರೆ, ಎತ್ತರಿಸಿದ ಮೇಲೆ 44ನ್ನೂ ತಾಳಲಾರದು. ಸ್ಪ್ರಿಂಗು ಕುಸಿಯುವುದನ್ನೂ ಚಕ್ರ ಕಲ್ಲೇರಿದಾಗಿನ ಕುಲುಕನ್ನೂ ಸೇರಿಸಿದರೆ ವಾಸ್ತವದಲ್ಲಿ ಅದಕ್ಕಿಂತ ಬಹಳ ಮೊದಲೇ ಉರುಳುತ್ತದೆ. ಹೊಟ್ಟೆ ತಾಗಿ ನಿಂತ ವಾಹನವನ್ನು ಎಳೆದು ಬಿಡಿಸಬಹುದು. ಕಣಿವೆಗೆ ಉರುಳಿದುದನ್ನು ಎಳೆದು ತಂದರೂ ಅದರೊಳಗಿದ್ದವರನ್ನು ಮರಳಿ ತರುವುದು ಯಾರಿಂದ ಸಾಧ್ಯ?

ವಾಹನ ತಯಾರಿಸುವವರಿಗೆ ಈ ಪಾಠ ಸುಲಭವಾಗಿ ದಕ್ಕಿದುದಲ್ಲ. 1985ರಲ್ಲಿ ಭಾರತದಲ್ಲಿ ಮಾರುತಿ ಜಿಪ್ಸಿ ಬಂದಿತು; ಅದು ಸುಜುಕಿ ಕಂಪನಿಯ ಎಸ್‌ಜೆ 410 ಎಂಬ ವಾಹನದ ಭಾರತೀಯ ರೂಪ. ಅದೇ ಕುಟುಂಬದ ವಾಹನವನ್ನು ಅಮೆರಿಕದಲ್ಲಿ ಸಮುರಾಯ್ ಎಂಬ ಹೆಸರಿನಿಂದ ಮಾರಲಾಗುತ್ತಿತ್ತು. 1988ರಲ್ಲಿ ಅಲ್ಲಿನ ಬಳಕೆದಾರರ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್, ಹಠಾತ್ತನೆ ಪಕ್ಕಕ್ಕೆ ತಿರುಗಿಸಿದಾಗ ಸಮುರಾಯ್ ಚಕ್ರವೆತ್ತಿ ವಾಲುತ್ತದೆಂದು ಹೇಳಿ ಅದನ್ನು ಅಸ್ವೀಕಾರಾರ್ಹವೆಂದು ಘೋಷಿಸಿತು. ಪರೀಕ್ಷೆಯೇ ನ್ಯಾಯವಾಗಿರಲಿಲ್ಲವೆಂದು ಸುಜುಕಿ 1996ರಲ್ಲಿ ಮೊಕದ್ದಮೆ ಹೂಡಿ, 2004ರಲ್ಲಿ ಉಭಯ ಪಕ್ಷಗಳೂ ರಾಜಿಯಾದವು. ಆ ವಾದದಲ್ಲಿ ಯಾರು ಸರಿ ಎಂಬ ತೀರ್ಪು ಇಲ್ಲಿ ಅನಗತ್ಯ. ಗಮನಿಸಬೇಕಾದುದು ಭಾರತದ ಜಿಪ್ಸಿಯಲ್ಲಿ 1993ರಲ್ಲಿ ಆದ ಮಾರ್ಪಾಟು: ಎಡಬಲ ಚಕ್ರಗಳ ಅಂತರವನ್ನು 90 ಮಿ.ಮೀ. ಹಿಗ್ಗಿಸಿ ಮುಂದೆ 1300, ಹಿಂದೆ 1310 ಮಿ.ಮೀ. ಮಾಡಲಾಯಿತು. ಈಗ ಮೇಲಿನ ಲೆಕ್ಕದ ವಾಹನಕ್ಕೆ ಮರಳಿದರೆ, ಅದನ್ನು 5 ಸೆಂ.ಮೀ. ಎತ್ತರಿಸಿದಾಗ ಗುರುತ್ವಕೇಂದ್ರ 4 ಸೆಂ.ಮೀ. ಏರುತ್ತದೆ, ಕಳೆದುಹೋದ ಸ್ಥೈರ್ಯವನ್ನು ಮರಳಿ ಪಡೆಯಲು ಚಕ್ರಗಳ ಅಂತರವನ್ನು 8 ಸೆಂ.ಮೀ.ಗೂ ಹೆಚ್ಚು ಹಿಗ್ಗಿಸಬೇಕಾಗುತ್ತದೆ. ಅರ್ಥಾತ್, ತಯಾರಕರು ಹೊಸ ಅಚ್ಚುಗಳನ್ನು ಮಾಡಿಸಿ ಗಳಿಸಿದ 90 ಮಿ.ಮೀ.ನ ಸ್ಥೈರ್ಯವನ್ನು ಎರಡಂಗುಲದ ಎತ್ತರಿಕೆಯೊಂದು ಹೆಚ್ಚುಕಡಮೆ ಪೂರ್ತಿಯಾಗಿ ನುಂಗಬಲ್ಲದು. ನಾಲ್ಕಂಗುಲದ ಎತ್ತರಿಕೆಗೆ ಬೇಕಾಗುವ ಅಗಲ ಸುಮಾರು 17 ಸೆಂ.ಮೀ.; ಅಷ್ಟನ್ನು ಯಾವ ಗ್ಯಾರೇಜೂ ಕೊಡಲಾರದು.

ಎತ್ತರವನ್ನೂ ಅಗಲವನ್ನೂ ಏಕಕಾಲದಲ್ಲಿ ಸಾಧಿಸಿದ ವಾಹನವೂ ಇಲ್ಲದಿಲ್ಲ. 1980ರ ದಶಕದ ಮಧ್ಯದಿಂದ ಅಮೆರಿಕದ ಸೈನ್ಯದಲ್ಲಿ ಸೇವೆಗೆ ಬಂದ ಹಮ್‌ವೀಯಲ್ಲಿ ಪ್ರತಿಯೊಂದು ಚಕ್ರದ ಗುಂಬದೊಳಗೂ ಹಲ್ಲುಚಕ್ರಗಳನ್ನು ಅಳವಡಿಸಿ, ಬಲವನ್ನು ಸಾಗಿಸುವ ದಂಡಗಳು ಚಕ್ರದ ನಡುವಿನಿಂದಲ್ಲದೆ ಅದಕ್ಕಿಂತ ಮೇಲಿನಿಂದ ಬರುವಂತೆ ಮಾಡಲಾಗಿದೆ. ಹೀಗಾಗಿ ಅದರ ನೆಲತೆರಪು ಸುಮಾರು 40 ಸೆಂ.ಮೀ.; ಎಂದರೆ ಜಿಮ್ನಿಯದಕ್ಕಿಂತ ಹೆಚ್ಚುಕಡಮೆ ಇಮ್ಮಡಿ. ಆದರೂ ಅದು ಮಟ್ಟಸವಾಗಿ ನೆಲಕ್ಕಂಟಿದಂತೆ ಕಾಣುವುದೇಕೆಂದರೆ ಅದರ ಅಗಲ 2 ಮೀಟರಿಗೂ ಮಿಕ್ಕು. ಈ ಅಗಲವೇ ಅದರ ಬೆಲೆ. ತೋಟದ ಬೇಲಿಗಳ ನಡುವಣ ಮಲೆನಾಡಿನ ಕಾಲುದಾರಿಯಲ್ಲಿ ಅಂಥ ವಾಹನಕ್ಕೆ ಪ್ರವೇಶವೇ ಇಲ್ಲ. ಕಿರಿದಾದ ಜೀಪು ನಮ್ಮ ಗುಡ್ಡಗಳಿಗೆ ಒಗ್ಗಿರುವುದು ಅದು ಕಿರಿದಾಗಿರುವುದರಿಂದಲೇ. ಕಿರಿದಾಗಿರುವುದರಿಂದಲೇ ಅದನ್ನು ಬಹಳ ಎತ್ತರಿಸುವಂತಿಲ್ಲ.

ಕಾಡುದಾರಿಗೆ ಸಂಬಂಧಿಸದ ಒಂದು ಪ್ರಸಂಗವೂ ಇಲ್ಲಿ ಉಪಯುಕ್ತ. 1997ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಆಗ ತಾನೇ ಬಂದಿದ್ದ ಮರ್ಸಿಡಿಸ್ ಎ ಕ್ಲಾಸ್ ಕಾರನ್ನು, ದಾರಿಗೆ ಅಡ್ಡ ಬಂದ ಮೂಸ್ ಎಂಬ ದೊಡ್ಡ ಜಿಂಕೆಯನ್ನು ತಪ್ಪಿಸುವಂತೆ ಥಟ್ಟನೆ ಅತ್ತಿತ್ತ ತಿರುಗಿಸಿ ಪರೀಕ್ಷಿಸಿದಾಗ ಕಾರು ಮಗುಚಿತು. ಪ್ರಖ್ಯಾತ ತಯಾರಕರ ಕಾರಿಗೆ ಹೀಗಾದುದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅವರು ಕೈಗೊಂಡ ಪರಿಹಾರಗಳಲ್ಲಿ ಕಾರನ್ನು ತಗ್ಗಿಸುವುದು, ಸಸ್ಪೆನ್ಷನ್ನನ್ನು ಬಿಗಿಗೊಳಿಸುವುದು ಹಾಗೂ ಜಾರುವ ಚಕ್ರಕ್ಕೆ ತಾನಾಗಿ ಬ್ರೇಕು ಹಾಕುವ ಸ್ಥಿರತಾ ನಿಯಂತ್ರಣ ವ್ಯವಸ್ಥೆಯನ್ನು ಎಲ್ಲ ಕಾರುಗಳಿಗೂ ಅಳವಡಿಸುವುದು ಸೇರಿದ್ದವು. ಇಂದು ಈ ವ್ಯವಸ್ಥೆ ಜಿಮ್ನಿಯಲ್ಲಿಯೂ ಥಾರ್‌ನಲ್ಲಿಯೂ ಇದೆ. ಆದರೆ ಅದನ್ನು ಕಾರ್ಖಾನೆಯ ಎತ್ತರ, ಕಾರ್ಖಾನೆಯ ಟೈರು, ಕಾರ್ಖಾನೆಯ ಸ್ಪ್ರಿಂಗುಗಳಿಗೆ ಹೊಂದುವಂತೆ ಹದಗೊಳಿಸಿರುತ್ತಾರೆ. ಇವೆಲ್ಲವನ್ನೂ ಬದಲಿಸಿದವನು ಆ ರಕ್ಷಕನನ್ನು ಕಣ್ಣು ಕಟ್ಟಿ ಕಾವಲಿಗೆ ನಿಲ್ಲಿಸಿದಂತೆ.

ಎತ್ತರ ಹೆಚ್ಚಿದಾಗ ವಾಹನದ ಕೆಳಗಿನ ಸಲಾಕೆಗಳೆಲ್ಲ ತಮ್ಮ ಕೋನಗಳನ್ನು ಬದಲಿಸುತ್ತವೆ. ಇದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದಲೇ ಹೆಚ್ಚು ಅಪಾಯಕಾರಿ. ಸೈಕಲ್ಲಿನ ಮುಂದಿನ ಕವೆ ನೆಟ್ಟಗಿರದೆ ತುಸು ಹಿಂದಕ್ಕೆ ವಾಲಿರುವುದನ್ನು ಎಲ್ಲರೂ ನೋಡಿದ್ದಾರೆ. ಆ ವಾಲಿಕೆಯಿಂದಲೇ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಮೋಟಾರಿನ ಮುಂದಿನ ಚಕ್ರಗಳಿಗೂ ಅಂಥದೇ ಒಂದು ವಾಲಿಕೆ ಇದೆ. ಅದಕ್ಕೆ ಕ್ಯಾಸ್ಟರ್ ಕೋನವೆಂದು ಹೆಸರು. ಅದು ಕೆಲವೇ ಡಿಗ್ರಿಗಳಷ್ಟಿರುತ್ತದೆ. ಜಿಮ್ನಿಯ ಮುಂದಿನ ಅಚ್ಚು ಷಾಸಿಯಿಂದ ಮುಂದಕ್ಕೆ ಚಾಚಿದ ಎರಡು ತೋಳುಗಳಿಗೆ ಬಿಗಿಯಲ್ಪಟ್ಟಿದೆ. ಮೈಯನ್ನು ಎತ್ತಿದರೆ ತೋಳುಗಳು ಕೆಳಮುಖವಾಗಿ ಅಚ್ಚನ್ನು ಮುಂದಕ್ಕೆ ಹೊರಳಿಸುತ್ತವೆ, ಕ್ಯಾಸ್ಟರ್ ಕುಗ್ಗುತ್ತದೆ. ತೋಳಿನ ಉದ್ದ 90 ಸೆಂ.ಮೀ. ಎಂದಿಟ್ಟುಕೊಂಡರೆ 5 ಸೆಂ.ಮೀ. ಎತ್ತರಿಕೆಗೆ ಸುಮಾರು 3 ಡಿಗ್ರಿ ಹೋಯಿತು. ಇದ್ದುದರಲ್ಲಿ ಅದು ದೊಡ್ಡ ಪಾಲು. ಆಮೇಲೆ ಹೆದ್ದಾರಿಯಲ್ಲಿ ವಾಹನವು ದಾರಿ ಮರೆತ ಹಸುವಿನಂತೆ ಅತ್ತಿತ್ತ ಅಲೆಯತೊಡಗುತ್ತದೆ. ಚಾಲಕನು ಸ್ಟಿಯರಿಂಗನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರಬೇಕಾಗುತ್ತದೆ. ಕೋನವನ್ನು ಮರಳಿ ಸರಿಪಡಿಸುವ ವಿಶೇಷ ಬುಷ್ಷುಗಳೂ ತೋಳುಗಳೂ ದೊರೆಯುತ್ತವೆ. ಸ್ಪ್ರಿಂಗಿಗೆ ಹಣ ಹಾಕಿ ಇವಕ್ಕೆ ಹಾಕದೆ ಉಳಿಸುವುದು ಕೇವಲ ಅವಿವೇಕ.

ಅಚ್ಚು ಪಕ್ಕಕ್ಕೆ ಸರಿಯದಂತೆ ತಡೆಯುವ ಅಡ್ಡಸಲಾಕೆಯೊಂದಿದೆ. ಅದನ್ನು ಪ್ಯಾನ್‌ಹಾರ್ಡ್ ಎನ್ನುತ್ತಾರೆ. ಅದರ ಒಂದು ತುದಿ ಷಾಸಿಯಲ್ಲಿ, ಇನ್ನೊಂದು ತುದಿ ಅಚ್ಚಿನಲ್ಲಿ. ಎತ್ತರಿಸಿದಾಗ ಅದು ಇನ್ನಷ್ಟು ಓರೆಯಾಗಿ ಅಚ್ಚನ್ನು ಪಕ್ಕಕ್ಕೆ ಎಳೆಯುತ್ತದೆ. ಸ್ಟಿಯರಿಂಗಿನ ಸಲಾಕೆಯೂ ಅದಕ್ಕೆ ಸಮಾನಾಂತರವಾಗಿರಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಪ್ರತಿಯೊಂದು ಗುಂಡಿಯಲ್ಲಿಯೂ ಚಕ್ರ ತಾನೇ ತಿರುಗಿಕೊಳ್ಳುತ್ತದೆ. ಪ್ರೊಪೆಲರ್ ಷಾಫ್ಟಿನ ಕೀಲುಗಳ ಕೋನ ಹೆಚ್ಚಿದಂತೆ ಕಂಪನ ಹೆಚ್ಚಿ ಕೀಲು ಸವೆಯುತ್ತದೆ. ಬ್ರೇಕಿನ ರಬ್ಬರು ಕೊಳವೆ ಗಿಡ್ಡವಾಗಿ ಉಳಿದರೆ, ಚಕ್ರ ಪೂರ್ತಿ ಕೆಳಗಿಳಿದ ಸಮಯದಲ್ಲಿ ಜಗ್ಗಿ ಹರಿಯಬಹುದು. ಜಿಪ್ಸಿಯಂತೆ ಪಟ್ಟಿಸ್ಪ್ರಿಂಗುಗಳಿರುವಲ್ಲಿ ಅಚ್ಚಿನ ಕೆಳಗಿದ್ದ ಪಟ್ಟಿಗಳನ್ನು ಅಚ್ಚಿನ ಮೇಲಕ್ಕೆ ಕೂರಿಸಿ ಒಮ್ಮೆಲೇ ಬಹಳ ಎತ್ತರ ಪಡೆಯುವ ಅಗ್ಗದ ಉಪಾಯವೊಂದು ಪ್ರಚಾರದಲ್ಲಿದೆ. ಅದರಿಂದ ವೇಗ ಹೆಚ್ಚಿಸುವಾಗಲೂ ಬ್ರೇಕು ಒತ್ತುವಾಗಲೂ ಅಚ್ಚು ಪಟ್ಟಿಗಳನ್ನು ತಿರುಚುತ್ತದೆಯಾದ್ದರಿಂದ ಅದನ್ನು ತಡೆಯುವ ಬೇರೆ ಸಲಾಕೆ ಬೇಕಾಗುತ್ತದೆ. ಅಗ್ಗವೆಂಬುದು ಅಲ್ಲಿಗೇ ಮುಗಿಯಿತು. ಥಾರ್‌ನಲ್ಲಿ ಮುಂದಿನ ಎರಡು ಚಕ್ರಗಳೂ ಸ್ವತಂತ್ರವಾಗಿ ಏರಿಳಿಯುತ್ತವೆ. ಅಲ್ಲಿ ಮಿತಿಯನ್ನು ಹೇಳುವುದು ಪಕ್ಕದ ದಂಡಗಳ ಕೀಲುಗಳು. ಎರಡಂಗುಲವನ್ನು ಮೀರಿದರೆ ಅವುಗಳ ಕೋನ ಬಿರುಸಾಗಿ ರಬ್ಬರು ಚೀಲಗಳು ಹರಿಯುತ್ತವೆ, ಚಕ್ರ ಮೇಲೆ ಕೆಳಗೆ ಚಲಿಸುವ ಅವಕಾಶವೂ ಕುಗ್ಗುತ್ತದೆ.

ಟೈರಿನ ವಿಷಯಕ್ಕೆ ಮರಳೋಣ. 693ರಿಂದ 733 ಮಿ.ಮೀ.ಗೆ ಏರಿದ ವ್ಯಾಸವೆಂದರೆ ಶೇಕಡಾ 6ರಷ್ಟು ಹೆಚ್ಚಳ. ಸ್ಪೀಡೋಮೀಟರ್ 80 ಎಂದು ತೋರಿಸಿದಾಗ, ಅದು ಮೊದಲು ಸರಿಯಾಗಿಯೇ ತೋರಿಸುತ್ತಿದ್ದಿತಾದರೆ, ವಾಹನ ಓಡುತ್ತಿರುವುದು ಸುಮಾರು 85ರಲ್ಲಿ. ಎಲ್ಲ ಗಿಯರುಗಳೂ ಅಷ್ಟರಮಟ್ಟಿಗೆ ಉದ್ದವಾಗಿ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಭಾರವಾದ ದೊಡ್ಡ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ಬಲ ಬೇಕು, ಬ್ರೇಕು ಮಾತ್ರ ಹಳೆಯದೇ. ಆಳವಾದ ಕಚ್ಚುಗಳ ಮಣ್ಣುಟೈರು ಕೆಸರಿನಲ್ಲಿ ಶೂರ. ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಅದರ ಹಿಡಿತ ಸಾಮಾನ್ಯ ಟೈರಿಗಿಂತ ಕಡಮೆ. ಮಳೆಗಾಲದ ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಇಳಿಯುವವರು ಯಾವುದು ಮುಖ್ಯವೆಂಬುದನ್ನು ತಾವೇ ತೂಗಿನೋಡಬೇಕು. ಎರಡಕ್ಕೂ ಸಲ್ಲುವ ನಡುದರ್ಜೆಯ ಟೈರುಗಳಿವೆ. ಬಹುಮಂದಿಗೆ ಅವೇ ಸಾಕು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಎತ್ತರಿಸದೆಯೇ ಗಳಿಸಬಹುದಾದುದನ್ನೆಲ್ಲ ಗಳಿಸಿಕೊಳ್ಳಬೇಕು. ಕಾಡುದಾರಿಯ ಬಾಯಲ್ಲಿ ವಾಹನ ನಿಲ್ಲಿಸಿ ಟೈರಿನ ಗಾಳಿಯನ್ನು ಚದರ ಅಂಗುಲಕ್ಕೆ 18ರಿಂದ 20 ಪೌಂಡಿನಷ್ಟಕ್ಕೆ ಇಳಿಸಿದರೆ ಟೈರು ಒಂಟೆಯ ಪಾದದಂತೆ ಹರಡಿ ನೆಲವನ್ನು ಹಿಡಿಯುತ್ತದೆ. ಇದಕ್ಕೆ ತಗಲುವ ಖರ್ಚು ಗಾಳಿ ಅಳೆಯುವ ಮಾಪಕ ಮತ್ತು ಮರಳಿ ತುಂಬುವ ಪುಟ್ಟ ಪಂಪು. ಡಾಂಬರಿಗೆ ಹತ್ತುವ ಮುಂಚೆ ಗಾಳಿಯನ್ನು ಮತ್ತೆ ತುಂಬಲೇಬೇಕು. ಮೆತ್ತನೆಯ ಟೈರಿನಲ್ಲಿ ವೇಗವಾಗಿ ಓಡಿಸುವುದು ಎತ್ತರಿಕೆಗಿಂತಲೂ ಅಪಾಯ. ಡಿಫರೆನ್ಷಿಯಲ್ಲಿನ ಬೀಗವು, ಒಂದು ಚಕ್ರ ಗಾಳಿಯಲ್ಲಿ ತೂಗಾಡಿದರೂ ಇನ್ನೊಂದಕ್ಕೆ ಬಲ ತಲುಪುವಂತೆ ಮಾಡುತ್ತದೆ. ಅಡಿಯಲ್ಲಿ ಉಕ್ಕಿನ ರಕ್ಷಾಫಲಕವಿದ್ದರೆ ತಾಗಿದ ಕಲ್ಲಿನಿಂದ ಎಂಜಿನಿಗೆ ಹಾನಿಯಿಲ್ಲ. ದಾರಿಯನ್ನು ಇಳಿದು ನೋಡಿ, ಡಿಫರೆನ್ಷಿಯಲ್ಲಿನ ಗಡ್ಡೆ ಎಲ್ಲಿದೆಯೆಂದು ತಿಳಿದು, ಚಕ್ರವನ್ನೇ ಕಲ್ಲಿನ ಮೇಲೆ ಏರಿಸುವ ನೈಪುಣ್ಯಕ್ಕಂತೂ ಯಾವ ಅಂಗಡಿಯಲ್ಲಿಯೂ ಬೆಲೆಯಿಲ್ಲ. ಕೊಡಚಾದ್ರಿಯ ಹಳೆಯ ಜೀಪುಗಳು ಅಷ್ಟು ಕೆಟ್ಟ ದಾರಿಯನ್ನು ದಿನಕ್ಕೆ ಹಲವು ಬಾರಿ ಏರಿ ಇಳಿಯುವುದು ಮುಖ್ಯವಾಗಿ ಈ ನೈಪುಣ್ಯದಿಂದ.

ಇಷ್ಟಾದ ಮೇಲೂ ಹೊಟ್ಟೆ ತಾಗುತ್ತಿದ್ದರೆ, ಒಂದರಿಂದ ಎರಡಂಗುಲದ ಎತ್ತರಿಕೆ ಯೋಗ್ಯವೆನ್ನಬಹುದು. ಆಗಲೂ ಸ್ಪ್ರಿಂಗಿನ ಬಿರುಸು ವಾಹನವು ನಿತ್ಯ ಹೊರುವ ಭಾರಕ್ಕೆ ತಕ್ಕಂತಿರಬೇಕು. ಭಾರೀ ಹೊರೆಗೆಂದು ಮಾಡಿದ ಸ್ಪ್ರಿಂಗನ್ನು ಖಾಲಿ ವಾಹನಕ್ಕೆ ಹಾಕಿದರೆ ಅದು ಕುಪ್ಪಳಿಸುತ್ತದೆ, ಕುಪ್ಪಳಿಸುವ ಚಕ್ರಕ್ಕೆ ಕಾಡಿನಲ್ಲಿಯೂ ಹಿಡಿತವಿಲ್ಲ. ಷಾಕ್ ಅಬ್ಸಾರ್ಬರುಗಳು ಸ್ಪ್ರಿಂಗಿಗೆ ಜೊತೆಗೂಡುವಂಥವಿರಬೇಕು. ಹಳೆಯ ಗಿಡ್ಡ ಅಬ್ಸಾರ್ಬರಿಗೆ ಹೊಸ ಸ್ಪ್ರಿಂಗು ಕೂಡದು. ವಾಲಿಕೆಯನ್ನು ತಡೆಯುವ ಅಡ್ಡದಂಡವನ್ನು, ಚಕ್ರ ಹೆಚ್ಚು ಬಳುಕಲೆಂದು ಕಾಯಂ ಆಗಿ ಕಳಚಿ ಎಸೆಯುವವರಿದ್ದಾರೆ. ಕಾಡಿನಲ್ಲಿ ಬಿಚ್ಚಿ ಹೆದ್ದಾರಿಗೆ ಬರುವ ಮುನ್ನ ಸಿಕ್ಕಿಸುವ ಕೊಂಡಿಗಳು ಇರುವಾಗ ಎಸೆಯುವ ಅಗತ್ಯವೇನಿದೆ? ನಾಲ್ಕಂಗುಲ, ಆರಂಗುಲಗಳ ಎತ್ತರಿಕೆಯನ್ನು ಹೆದ್ದಾರಿಗೆ ಬಾರದೆ ಲಾರಿಯ ಮೇಲೆ ಸ್ಪರ್ಧೆಗೆ ಹೋಗುವ ವಾಹನಗಳಿಗೆ ಬಿಟ್ಟುಬಿಡುವುದು ಲೇಸು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದೇಶಿಸಿದುದಕ್ಕಿಂತ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಅಪಘಾತವಾದಾಗ ವಿಮಾ ಕಂಪನಿಯು ಮೊದಲು ಕೇಳುವ ಪ್ರಶ್ನೆಯೂ ಇದೇ ಆಗಬಹುದು. ಆದುದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ವಿಹಿತ.

ಎತ್ತರಿಸಿದ ದಿನವೇ ಚಕ್ರಗಳ ಜೋಡಣೆಯನ್ನು ಯಂತ್ರದ ಮೇಲೆ ಪರೀಕ್ಷಿಸಿ, ಕ್ಯಾಸ್ಟರ್ ಕೋನವನ್ನು ಬರೆಸಿಕೊಂಡು ಬರಬೇಕು. ಚಕ್ರಗಳನ್ನು ಪೂರ್ತಿ ಇಳಿಬಿಟ್ಟು ಬ್ರೇಕು ಕೊಳವೆಗಳನ್ನು ನೋಡಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಗೊಳಿಸಬೇಕು. ಹೊಸ ಬುಷ್ಷುಗಳು ಕುಳಿತಂತೆ ಅವು ಸಡಿಲಗೊಳ್ಳುವುದುಂಟು. ಎತ್ತರವಾದ ಮೂತಿಯ ಮುಂದೆ ನಿಂತ ಮಗುವು ಚಾಲಕನಿಗೆ ಕಾಣದೆ ಹೋಗಬಹುದಾದ್ದರಿಂದ ಮನೆಯಂಗಳದಲ್ಲಿ ಹೊರಡುವಾಗ ಒಮ್ಮೆ ಸುತ್ತು ಬರುವುದನ್ನು ರೂಢಿಸಿಕೊಳ್ಳಬೇಕು. ಹೆಡ್‌ಲೈಟುಗಳೂ ವಾಹನದೊಡನೆ ಮೇಲೇರಿರುತ್ತವೆ. ಅವನ್ನು ಕೆಳಮುಖವಾಗಿ ತಿದ್ದಿಸದಿದ್ದರೆ ರಾತ್ರಿಯಲ್ಲಿ ಎದುರಿನಿಂದ ಬರುವ ಬೈಸಿಕಲ್ಲು ಸವಾರನ ಕಣ್ಣಿಗೆ ಬೆಳಕು ನೇರವಾಗಿ ಹೊಡೆಯುತ್ತದೆ.